ಕಣಕಟ್ಟೆ ಹೋಬಳಿಯ ಗ್ರಾಮೀಣ ರಸ್ತೆ, ಬಂಡಿದಾರಿ ಮತ್ತು ಕಾಲುದಾರಿಗಳು: ಸಾರ್ವಜನಿಕರ ತಿಳಿವಳಿಕೆಗಾಗಿ

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಕಣಕಟ್ಟೆಯೂ ಒಂದು. ಕಸಬಾ, ಬಾಣಾವರ, ಗಂಡಸಿ ಮತ್ತು ಜಾವಗಲ್ ಉಳಿದ ನಾಲ್ಕು. ಮಲೆನಾಡಿನ ಅಂಚಿನ ಬೇಲೂರಿಗೆ ಹೋಲಿಸಿದರೆ ಈ ಭಾಗವು ಬಯಲುಸೀಮೆ. ಮಳೆ ಕಡಿಮೆ, ತೆಂಗು ಮತ್ತು ರಾಗಿ ಪ್ರಧಾನ ಬೆಳೆಗಳು. ಇಲ್ಲಿನ ಜನಜೀವನದಲ್ಲಿ ದೊಡ್ಡ ಹೆದ್ದಾರಿಗಿಂತಲೂ ಊರಿನಿಂದ ತೋಟಕ್ಕೆ, ತೋಟದಿಂದ ಮುಖ್ಯರಸ್ತೆಗೆ, ಮನೆಯಿಂದ ಶಾಲೆಗೆ ಮತ್ತು ಊರಿನಿಂದ ಸ್ಮಶಾನಕ್ಕೆ ಹೋಗುವ ದಾರಿಗಳೇ ಹೆಚ್ಚು ಬಳಕೆಯಾಗುವಂಥವು. ಆದರೆ ರಸ್ತೆ ಅಭಿವೃದ್ಧಿ ಎಂದೊಡನೆ ಡಾಂಬರು ರಸ್ತೆಯೊಂದೇ ನೆನಪಿಗೆ ಬರುವುದರಿಂದ, ಈ ಸಣ್ಣ ದಾರಿಗಳ ಕಾನೂನಿನ ಸ್ಥಿತಿಗತಿ, ದಾಖಲೆ ಹಾಗೂ ನಿರ್ಮಾಣ ವಿಧಾನಗಳ ಬಗ್ಗೆ ಸಾರ್ವಜನಿಕರಲ್ಲಿ ಮಾಹಿತಿಯ ಕೊರತೆ ಇರುವುದು ಕಂಡುಬರುತ್ತದೆ. ಸದರಿ ಲೇಖನವು ಈ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬುವ ಉದ್ದೇಶ ಹೊಂದಿದೆ.

ರಸ್ತೆಯು ಯಾರ ಸುಪರ್ದಿನಲ್ಲಿದೆ?

ಅರ್ಜಿಗಳು ವಿಳಂಬವಾಗಲು ಸಾಮಾನ್ಯ ಕಾರಣವೆಂದರೆ ಅವು ಸಂಬಂಧಪಡದ ಕಛೇರಿಗೆ ಸಲ್ಲಿಕೆಯಾಗುವುದು. ದೇಶದ ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆ, ಇತರೆ ಜಿಲ್ಲಾ ರಸ್ತೆ ಮತ್ತು ಗ್ರಾಮ ರಸ್ತೆ ಎಂದು ವಿಂಗಡಿಸುವ ಪದ್ಧತಿಯು 1943ರ ನಾಗಪುರ ಯೋಜನೆಯಿಂದ ಬಂದುದಾಗಿದೆ. ಮಂಗಳೂರಿನಿಂದ ಬೇಲೂರು, ಹಳೇಬೀಡು, ಜಾವಗಲ್, ಬಾಣಾವರ ಮತ್ತು ಅರಸೀಕೆರೆ ಮಾರ್ಗವಾಗಿ ತುಮಕೂರಿಗೆ ಹೋಗುವ ರಸ್ತೆಯು ಈಗ 73ನೇ ರಾಷ್ಟ್ರೀಯ ಹೆದ್ದಾರಿಯಾಗಿದೆ. 2010ರಲ್ಲಿ ಹೆದ್ದಾರಿಗಳಿಗೆ ಹೊಸ ಸಂಖ್ಯೆ ನೀಡುವ ಮೊದಲು ಅರಸೀಕೆರೆಯ ಮೂಲಕ ಹಾದುಹೋಗುತ್ತಿದ್ದ ಹೆದ್ದಾರಿಯನ್ನು 206 ಎಂದು ಕರೆಯಲಾಗುತ್ತಿತ್ತು. ಹಿರಿಯರು ಇಂದಿಗೂ ಅದೇ ಸಂಖ್ಯೆಯನ್ನು ಹೇಳುವುದುಂಟು. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆಗಳ ನಿರ್ವಹಣೆ ಲೋಕೋಪಯೋಗಿ ಇಲಾಖೆಗೆ ಸೇರಿದೆ. ಹಳ್ಳಿಯಿಂದ ಹಳ್ಳಿಗೆ ಸಂಪರ್ಕ ಕಲ್ಪಿಸುವ ರಸ್ತೆಗಳನ್ನು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗವು ನೋಡಿಕೊಳ್ಳುತ್ತದೆ. ಊರೊಳಗಿನ ಬೀದಿ, ಚರಂಡಿ ಮತ್ತು ಸಂದಿಗಳು ಗ್ರಾಮ ಪಂಚಾಯಿತಿಯ ಹೊಣೆ. ಅರಸೀಕೆರೆ ಪಟ್ಟಣದೊಳಗಾದರೆ ನಗರಸಭೆಯ ಹೊಣೆ.

ಹೊಲಗಳ ನಡುವಿನ ಬಂಡಿದಾರಿ ಮತ್ತು ಕಾಲುದಾರಿಗಳು ಮಾತ್ರ ಈ ಯಾವ ವರ್ಗಕ್ಕೂ ನೇರವಾಗಿ ಸೇರುವುದಿಲ್ಲ. ಅವು ಕಂದಾಯ ದಾಖಲೆಗಳಲ್ಲಿ ಇವೆ. ಯಾವುದೇ ಇಂಜಿನಿಯರಿಂಗ್ ಕಛೇರಿಯ ರಸ್ತೆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ದಾರಿಗೆ ಅನುದಾನವೂ ದೊರೆಯುವುದಿಲ್ಲ, ಒತ್ತುವರಿಯಾದಾಗ ಯಾರ ಗಮನಕ್ಕೂ ಬರುವುದಿಲ್ಲ. ಆದುದರಿಂದ ಇವುಗಳ ಬಗ್ಗೆಯೇ ಹೆಚ್ಚಿನ ವಿವರಣೆ ಅಗತ್ಯವೆನಿಸುತ್ತದೆ.

ದಾಖಲೆಯಲ್ಲಿರುವ ದಾರಿಯನ್ನು ಗುರುತಿಸುವ ಬಗೆ

ಪ್ರತಿ ಕಂದಾಯ ಗ್ರಾಮಕ್ಕೂ ಒಂದು ಗ್ರಾಮ ನಕಾಶೆ ಇರುತ್ತದೆ. ಇದರಲ್ಲಿ ಸರ್ವೆ ನಂಬರುಗಳ ಗಡಿ, ಕೆರೆ, ಹಳ್ಳ, ಗ್ರಾಮಠಾಣ ಮತ್ತು ದಾರಿಗಳನ್ನು ಗುರುತಿಸಲಾಗಿರುತ್ತದೆ. ಕಂದಾಯ ಇಲಾಖೆಯ ಭೂದಾಖಲೆಗಳ ಜಾಲತಾಣದಲ್ಲಿ ಈ ನಕಾಶೆಗಳನ್ನು ಯಾರು ಬೇಕಾದರೂ ನೋಡಬಹುದು. ನಕಾಶೆಯ ಅಂಚಿನಲ್ಲಿ ನೀಡಿರುವ ಸಂಕೇತಗಳ ವಿವರಣೆಯನ್ನು ಓದಿಕೊಂಡು ಬಂಡಿದಾರಿ ಯಾವುದು, ಕಾಲುದಾರಿ ಯಾವುದು ಎಂಬುದನ್ನು ತಿಳಿಯತಕ್ಕದ್ದು. ಸಾಮಾನ್ಯವಾಗಿ ನಕಾಶೆಯ ಒಂದು ಅಂಗುಲವು ಸ್ಥಳದಲ್ಲಿ 660 ಅಡಿಗಳಿಗೆ ಸಮನಾಗಿರುವುದರಿಂದ, ದಾರಿಯ ಉದ್ದವನ್ನು ಅಂದಾಜು ಮಾಡಬಹುದೇ ಹೊರತು ಅಗಲವನ್ನು ನಕಾಶೆಯಿಂದ ಅಳೆಯಲು ಸಾಧ್ಯವಿಲ್ಲ. ಗೆರೆಯ ದಪ್ಪವೇ ಸ್ಥಳದಲ್ಲಿ ಹಲವು ಅಡಿಗಳಾಗಿಬಿಡುತ್ತದೆ.

ಅಗಲದ ಪ್ರಶ್ನೆಗೆ ಉತ್ತರ ಬೇರೆ ದಾಖಲೆಗಳಲ್ಲಿದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 21ನೇ ನಿಯಮದಂತೆ ಸಾಗುವಳಿಗೆ ಒಳಪಡದ ಜಮೀನನ್ನು ಎರಡು ಬಗೆಯ ಖರಾಬು ಎಂದು ವಿಂಗಡಿಸಲಾಗಿದೆ. ಬಂಡೆ, ಕೊರಕಲು ಮುಂತಾಗಿ ಸ್ವಭಾವತಃ ಬೇಸಾಯಕ್ಕೆ ಯೋಗ್ಯವಲ್ಲದ ಭಾಗವು ‘ಎ’ ಖರಾಬು. ರಸ್ತೆ, ಅಂಗೀಕೃತ ಕಾಲುದಾರಿ, ಸಾರ್ವಜನಿಕರು ಬಳಸುವ ಹಳ್ಳ ಅಥವಾ ಕೆರೆ, ಸ್ಮಶಾನ ಇತ್ಯಾದಿ ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟ ಭಾಗವು ‘ಬಿ’ ಖರಾಬು. ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಇವೆರಡನ್ನೂ ಪ್ರತ್ಯೇಕವಾಗಿ ನಮೂದಿಸಿರುತ್ತಾರೆ. ಬಹಳಷ್ಟು ಖಾತೆದಾರರು ಪಹಣಿಯಲ್ಲಿ ತಮ್ಮ ಹೆಸರು ಮತ್ತು ಎಕರೆಯನ್ನು ಮಾತ್ರ ನೋಡಿ, ಈ ಸಾಲನ್ನು ಓದದೆ ಬಿಡುತ್ತಾರೆ. ‘ಎ’ ಖರಾಬನ್ನು ಖಾತೆದಾರರು ಕಾಲಕ್ರಮದಲ್ಲಿ ತಿದ್ದಿ ಸಾಗುವಳಿಗೆ ತಂದುಕೊಂಡಿರುವುದುಂಟು. ಆದರೆ ‘ಬಿ’ ಖರಾಬು ಖಾಸಗಿ ಸರ್ವೆ ನಂಬರಿನ ಒಳಗೇ ಇದ್ದರೂ ಖಾತೆದಾರರ ಸ್ವತ್ತಲ್ಲ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೇ ಪ್ರಕರಣದಂತೆ ಸಾರ್ವಜನಿಕ ರಸ್ತೆ, ಬೀದಿ ಮತ್ತು ದಾರಿಗಳು ರಾಜ್ಯ ಸರ್ಕಾರಕ್ಕೆ ಸೇರಿದವುಗಳಾಗಿವೆ.

ಒಂದು ಲೆಕ್ಕವನ್ನು ಗಮನಿಸಬಹುದು. ನಮ್ಮ ಭೂಮಾಪನದಲ್ಲಿ ಒಂದು ಸರಪಳಿ ಎಂದರೆ 33 ಅಡಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಒಂದು ಸರ್ವೆ ನಂಬರಿನ ಮೂಲಕ 20 ಸರಪಳಿ, ಅಂದರೆ 660 ಅಡಿ ಉದ್ದದ ಬಂಡಿದಾರಿ ಹಾದುಹೋಗಿದ್ದು, ಅದಕ್ಕಾಗಿ 10 ಗುಂಟೆ ‘ಬಿ’ ಖರಾಬು ಬಿಡಲಾಗಿದೆ ಎಂದಿಟ್ಟುಕೊಳ್ಳೋಣ. ಆಗ ದಾರಿಯ ಅಗಲವು 8 ಆಣೆ, ಅಂದರೆ ಹದಿನಾರೂವರೆ ಅಡಿ ಎಂದಾಗುತ್ತದೆ. ಎರಡು ಬದಿಯ ಬೇಲಿಗಳು ವರ್ಷಕ್ಕೆ ಒಂದು ಗೇಣಿನಂತೆ ಒಳಸರಿದು ಇಂದು ಅಲ್ಲಿ ಒಂದು ಮೋಟಾರು ಸೈಕಲ್ ಮಾತ್ರ ಹೋಗುವಷ್ಟು ಜಾಗ ಉಳಿದಿದ್ದರೂ, ದಾಖಲೆಯ ಅಗಲ ಹದಿನಾರೂವರೆ ಅಡಿಯೇ. ಅದೇ ಸರ್ವೆ ನಂಬರಿನಲ್ಲಿ ಹಳ್ಳವೂ ಇದ್ದರೆ ‘ಬಿ’ ಖರಾಬಿನ ವಿಸ್ತೀರ್ಣದಲ್ಲಿ ಅದೂ ಸೇರಿರುವುದರಿಂದ, ಆಕಾರ್‌ಬಂದ್ ಮತ್ತು ಮೂಲ ಟಿಪ್ಪಣಿಯನ್ನು ನೋಡದೆ ಇಂತಹ ಲೆಕ್ಕವನ್ನು ಅಂತಿಮವೆಂದು ಭಾವಿಸಬಾರದು. ಟಿಪ್ಪಣಿಯಲ್ಲಿ ಭೂಮಾಪಕರು ಸ್ಥಳದಲ್ಲಿ ಅಳೆದ ಸರಪಳಿ ಮತ್ತು ಆಣೆಗಳ ಅಳತೆ ಇರುತ್ತದೆ.

ದಾರಿ ಮುಚ್ಚಿದ ಸಂದರ್ಭದಲ್ಲಿ

ಕೊಬ್ಬರಿ ಕಾಲದಲ್ಲಿ ದಾರಿ ಮುಚ್ಚಿದರೆ ರೈತನಿಗೆ ಆಗುವ ನಷ್ಟವು ಬರಿಯ ತೊಂದರೆ ಎಂಬ ಪದದಿಂದ ತಿಳಿಯುವಂಥದಲ್ಲ. ಟ್ರಾಕ್ಟರ್ ತೋಟದವರೆಗೆ ಬಾರದಿದ್ದರೆ ಕಾಯಿಯನ್ನು ತಲೆಹೊರೆಯಲ್ಲಿ ಸಾಗಿಸಬೇಕು, ಕೂಲಿ ಹೆಚ್ಚುತ್ತದೆ, ಇಲ್ಲವೇ ದಾರಿ ಬಿಡದ ನೆರೆಯವರಿಗೇ ಅವರು ಹೇಳಿದ ಬೆಲೆಗೆ ಫಸಲನ್ನು ಕೊಡಬೇಕಾದ ಪರಿಸ್ಥಿತಿ ಬರುತ್ತದೆ. ಗರ್ಭಿಣಿಯರು ಅಥವಾ ರೋಗಿಗಳು ತೋಟದ ಮನೆಯಲ್ಲಿದ್ದರೆ ಆಂಬುಲೆನ್ಸ್ ಮುಖ್ಯರಸ್ತೆಯಲ್ಲಿಯೇ ನಿಲ್ಲುತ್ತದೆ. ಹೀಗಿದ್ದರೂ ಎಲ್ಲ ದಾರಿ ವ್ಯಾಜ್ಯಗಳೂ ಒಂದೇ ಬಗೆಯವಲ್ಲ ಎಂಬುದನ್ನು ಸಾರ್ವಜನಿಕರು ಮೊದಲು ತಿಳಿಯಬೇಕು.

ಗ್ರಾಮ ನಕಾಶೆಯಲ್ಲಿ ಅಥವಾ ‘ಬಿ’ ಖರಾಬಿನಲ್ಲಿ ದಾಖಲಾಗಿರುವ ದಾರಿಯನ್ನು ಮುಚ್ಚಿದಲ್ಲಿ ಅದು ಸರ್ಕಾರಿ ಜಾಗದ ಒತ್ತುವರಿ. ಇಂತಹ ಪ್ರಕರಣದಲ್ಲಿ ಗ್ರಾಮ ನಕಾಶೆ ಮತ್ತು ಪಹಣಿ ಪ್ರತಿಗಳೊಂದಿಗೆ ಹೋಬಳಿಯ ನಾಡಕಛೇರಿಯ ಮೂಲಕ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸುವುದು ಸೂಕ್ತ. ಭೂಮಾಪಕರಿಂದ ಅಳತೆಯಾಗಿ ಗಡಿ ಗುರುತಿಸಿದ ಬಳಿಕವೇ ತೆರವು ಕ್ರಮ ಸಾಧ್ಯವಾಗುವುದರಿಂದ, ಅರ್ಜಿಯಲ್ಲಿ ಅಳತೆಯನ್ನು ಕೋರುವುದನ್ನು ಮರೆಯಬಾರದು. ಇಂತಹ ದಾರಿಯೊಂದು ಇನ್ನು ಬೇಡ ಎಂದು ಅದನ್ನು ರದ್ದುಪಡಿಸುವ ಅಧಿಕಾರ ಅಧಿನಿಯಮದ 68ನೇ ಪ್ರಕರಣದಂತೆ ಜಿಲ್ಲಾಧಿಕಾರಿಗಳಿಗೆ ಇದೆಯಾದರೂ, ಅದಕ್ಕೆ ಮುಂಚೆ ಪ್ರಕಟಣೆ ಹೊರಡಿಸಿ ಆಕ್ಷೇಪಣೆಗಳನ್ನು ಆಲಿಸತಕ್ಕದ್ದು. ನೆರೆಹೊರೆಯ ಇಬ್ಬರು ಒಪ್ಪಿಕೊಂಡ ಮಾತ್ರಕ್ಕೆ ಸಾರ್ವಜನಿಕ ದಾರಿ ಇಲ್ಲವಾಗುವುದಿಲ್ಲ.

ದಾಖಲೆಯಲ್ಲಿ ಇಲ್ಲದೆ ರೂಢಿಯಿಂದ ಬಳಕೆಯಲ್ಲಿರುವ ದಾರಿಗಳ ವಿಚಾರ ಬೇರೆ. 1882ರ ಭಾರತೀಯ ಅನುಭೋಗ ಹಕ್ಕುಗಳ ಅಧಿನಿಯಮದ 15ನೇ ಪ್ರಕರಣದಂತೆ 20 ವರ್ಷಗಳ ಕಾಲ ಶಾಂತವಾಗಿ, ಬಹಿರಂಗವಾಗಿ, ಹಕ್ಕಿನಿಂದ ಮತ್ತು ಅಡ್ಡಿಯಿಲ್ಲದೆ ಬಳಸಿದ ದಾರಿಯ ಮೇಲೆ ಹಕ್ಕು ಉಂಟಾಗುತ್ತದೆ. ಇದನ್ನು ತೀರ್ಮಾನಿಸಬೇಕಾದುದು ಸಿವಿಲ್ ನ್ಯಾಯಾಲಯ; ಕಂದಾಯ ಅಧಿಕಾರಿಯಲ್ಲ. ದಾರಿಯ ಬಳಕೆಯ ವ್ಯಾಜ್ಯದಿಂದ ಶಾಂತಿಭಂಗದ ಸಂಭವವಿದ್ದಲ್ಲಿ ಮಾತ್ರ ಕಾರ್ಯನಿರ್ವಾಹಕ ದಂಡಾಧಿಕಾರಿಗಳು ಮಧ್ಯಪ್ರವೇಶಿಸಬಹುದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 147ನೇ ಪ್ರಕರಣದಲ್ಲಿದ್ದ ಈ ಅಧಿಕಾರವು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಪ್ರಕರಣದಲ್ಲಿದೆ. ವಾಸ್ತವದಲ್ಲಿ ಹಳ್ಳಿಗಳಲ್ಲಿ ಬಹಳಷ್ಟು ದಾರಿಗಳು ಈ ಎರಡನೆಯ ಬಗೆಯವು. ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಳ್ಳುವಾಗ ಹಿಂದಿನ ಪಾಲಿಗೆ ಹೋಗುವ ದಾರಿಯನ್ನು ಬಾಯಿಮಾತಿನಲ್ಲಿ ಬಿಟ್ಟು, ವಿಭಾಗಪತ್ರದಲ್ಲಿ ಬರೆಸದೆ ಹೋಗುವುದೇ ಮುಂದಿನ ತಲೆಮಾರಿನ ವ್ಯಾಜ್ಯಕ್ಕೆ ಮೂಲ. ವಿಭಾಗಪತ್ರ ಅಥವಾ ಕ್ರಯಪತ್ರ ಬರೆಸುವಾಗ ದಾರಿಯ ಉದ್ದ, ಅಗಲ ಮತ್ತು ದಿಕ್ಕನ್ನು ಚೆಕ್ಕುಬಂದಿಯೊಂದಿಗೆ ನಮೂದಿಸಲು ತಗಲುವ ಹೆಚ್ಚುವರಿ ಶ್ರಮ ಒಂದೆರಡು ಸಾಲು ಮಾತ್ರ.

ಹೊಲದ ದಾರಿಗಳ ಅಭಿವೃದ್ಧಿ

2005ರ ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಅಧಿನಿಯಮದಡಿ ರಾಜ್ಯದಲ್ಲಿ ‘ನಮ್ಮ ಹೊಲ ನಮ್ಮ ದಾರಿ’ ಎಂಬ ಹೆಸರಿನಲ್ಲಿ ಹೊಲಗಳಿಗೆ ಹೋಗುವ ದಾರಿಗಳ ನಿರ್ಮಾಣ ಕೈಗೊಳ್ಳಲಾಯಿತು. ಆ ಅಧಿನಿಯಮದಡಿ ವೆಚ್ಚದಲ್ಲಿ ಕೂಲಿಯ ಪಾಲು ಶೇಕಡಾ 60ಕ್ಕೆ ಕಡಿಮೆಯಾಗದಂತೆ ನೋಡಿಕೊಳ್ಳಬೇಕಿದ್ದುದರಿಂದ, ಮಣ್ಣಿನ ಕೆಲಸ ಹೆಚ್ಚಾಗಿರುವ ಇಂತಹ ದಾರಿಗಳು ಅದಕ್ಕೆ ಹೊಂದುತ್ತಿದ್ದವು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಅಧಿನಿಯಮದ ಸ್ಥಾನದಲ್ಲಿ ಹೊಸ ಕಾಯಿದೆಯೊಂದನ್ನು ಅಂಗೀಕರಿಸಿರುವುದರಿಂದ, ಹೊಸ ಕಾಮಗಾರಿಗಳನ್ನು ಕೋರುವವರು ಆಯಾ ವರ್ಷದ ಮಾರ್ಗಸೂಚಿಯನ್ನು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ ಮುಂದುವರಿಯುವುದು ಒಳ್ಳೆಯದು.

ಯೋಜನೆ ಯಾವುದೇ ಇರಲಿ, ದಾರಿಯನ್ನು ಕೆಡಿಸುವುದು ಗಾಡಿಗಿಂತ ಹೆಚ್ಚಾಗಿ ನೀರು. ಮಳೆ ಕಡಿಮೆ ಇರುವ ಸೀಮೆಯಲ್ಲಿ ಚರಂಡಿ ಏಕೆ ಎಂದು ಕೇಳುವವರಿದ್ದಾರೆ. ವರ್ಷದ ಮಳೆಯ ಬಹುಪಾಲು ಕೆಲವೇ ದಿನಗಳಲ್ಲಿ ರಭಸದಿಂದ ಬೀಳುವ ಬಯಲುಸೀಮೆಯಲ್ಲಿ, ಒಂದು ರಾತ್ರಿಯ ಮಳೆ ಇಡೀ ದಾರಿಯನ್ನು ಕೊರಕಲಾಗಿಸಬಲ್ಲದು. ಆದ್ದರಿಂದ ದಾರಿಯ ನಡುಭಾಗವನ್ನು ಎತ್ತರಿಸಿ ಎರಡು ಬದಿಗೆ ಇಳಿಜಾರು ನೀಡಬೇಕು. ಭಾರತೀಯ ರಸ್ತೆ ಕಾಂಗ್ರೆಸ್‌ನ ಗ್ರಾಮೀಣ ರಸ್ತೆ ಕೈಪಿಡಿಯಂತೆ, ವಾರ್ಷಿಕ ಮಳೆ 1,000 ಮಿಲಿಮೀಟರಿಗಿಂತ ಕಡಿಮೆ ಇರುವ ಕಡೆ ಮಣ್ಣಿನ ದಾರಿಗೆ ಶೇಕಡಾ 4, ಜಲ್ಲಿ ಅಥವಾ ಗ್ರಾವೆಲ್ ದಾರಿಗೆ 3.5, ತೆಳು ಡಾಂಬರಿಗೆ 3 ಮತ್ತು ಕಾಂಕ್ರೀಟಿಗೆ 2ರಷ್ಟು ಇಳಿಜಾರು ಇರಬೇಕು. 4 ಮೀಟರ್ ಅಗಲದ ಮಣ್ಣಿನ ದಾರಿಯಾದರೆ ಅಂಚಿಗಿಂತ ನಡುಭಾಗವು 8 ಸೆಂಟಿಮೀಟರ್ ಎತ್ತರ ಇರಬೇಕು ಎಂದರ್ಥ. ಕಾಮಗಾರಿ ಮುಗಿದಾಗ ದಾರಿಯ ಅಡ್ಡಲಾಗಿ ದಾರವೊಂದನ್ನು ಮಟ್ಟಸವಾಗಿ ಎಳೆದು ಯಾರು ಬೇಕಾದರೂ ಇದನ್ನು ಪರೀಕ್ಷಿಸಬಹುದು. ಇದಕ್ಕೆ ಇಂಜಿನಿಯರ್ ಪದವಿ ಬೇಕಾಗುವುದಿಲ್ಲ.

ಕಣಕಟ್ಟೆಯಂತೆ ಕಟ್ಟೆ ಎಂದು ಕೊನೆಗೊಳ್ಳುವ ಊರ ಹೆಸರುಗಳು ಹೇಳುವಂತೆ ಈ ಭಾಗದಲ್ಲಿ ಕೆರೆಕಟ್ಟೆಗಳು ಹೆಚ್ಚು. ಹಲವೆಡೆ ದಾರಿಯು ಕೆರೆಯ ಏರಿಯ ಮೇಲೆಯೇ ಹೋಗುತ್ತದೆ. ಏರಿಯನ್ನು ಅಗಲಿಸಲು ಅದರ ಬುಡದ ಮಣ್ಣನ್ನು ಕಡಿಯುವುದು ಅಪಾಯಕರ. ಮಣ್ಣನ್ನು ಹೊರಗಿನಿಂದ ತಂದು, ಪದರ ಪದರವಾಗಿ ನೀರು ಹಾಕಿ ಒತ್ತಬೇಕು. ಕೋಡಿಯ ಮೇಲೆ ದಾರಿ ಹಾಯುವಲ್ಲಿ ದಾರಿಯ ಮಟ್ಟವನ್ನು ಎತ್ತರಿಸಿದರೆ ಕೆರೆಯ ನೀರು ಏರಿಯ ಮೇಲೆಯೇ ಉಕ್ಕುವ ಸಂಭವವಿರುತ್ತದೆ. ಇಂತಹ ಕಡೆ ನೀರು ಮೇಲೆ ಹರಿದು ಹೋಗಲು ಬಿಡುವ ಕಲ್ಲಿನ ಅಥವಾ ಕಾಂಕ್ರೀಟಿನ ತಗ್ಗು ಹಾದಿಯೇ ಸುರಕ್ಷಿತ. ವರ್ಷದಲ್ಲಿ ಒಂದೆರಡು ದಿನ ದಾರಿ ನಿಂತರೂ ಕೆರೆ ಉಳಿಯುತ್ತದೆ.

ಗ್ರಾಮ ಸಡಕ್ ಯೋಜನೆಯ ರಸ್ತೆಗಳು

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು 2000ದ ಡಿಸೆಂಬರ್ 25ರಂದು ಪ್ರಾರಂಭವಾಯಿತು. ಸರ್ವಋತು ರಸ್ತೆ ಇಲ್ಲದ, ಬಯಲು ಪ್ರದೇಶದಲ್ಲಿ 500ಕ್ಕಿಂತ ಹೆಚ್ಚು ಜನಸಂಖ್ಯೆಯ ಜನವಸತಿಗಳನ್ನು ಸಂಪರ್ಕಿಸುವುದು ಇದರ ಮೊದಲ ಗುರಿಯಾಗಿತ್ತು. 2013ರ ಎರಡನೇ ಹಂತ ಮತ್ತು 2019ರ ಮೂರನೇ ಹಂತದಲ್ಲಿ ಈಗಾಗಲೇ ಇರುವ ರಸ್ತೆಗಳ ಮೇಲ್ದರ್ಜೆಗೆ ಒತ್ತು ನೀಡಲಾಯಿತು. 2024ರ ಸೆಪ್ಟೆಂಬರ್‌ನಲ್ಲಿ ನಾಲ್ಕನೇ ಹಂತಕ್ಕೆ ಅನುಮೋದನೆ ದೊರೆತಿದೆ. ಮೊದಲಿಗೆ ಪೂರ್ಣ ವೆಚ್ಚವನ್ನು ಕೇಂದ್ರ ಸರ್ಕಾರವೇ ಭರಿಸುತ್ತಿದ್ದು, 2015-16ರಿಂದ ಕೇಂದ್ರ ಮತ್ತು ರಾಜ್ಯಗಳು 60:40ರಂತೆ ಹಂಚಿಕೊಳ್ಳುತ್ತಿವೆ.

ಈ ಯೋಜನೆಯಲ್ಲಿ ಡಾಂಬರಿನ ಅಗಲವು ಸಾಮಾನ್ಯವಾಗಿ 3.75 ಮೀಟರ್, ದಿನಕ್ಕೆ 100ಕ್ಕಿಂತ ಕಡಿಮೆ ಮೋಟಾರು ವಾಹನ ಸಂಚರಿಸುವಲ್ಲಿ 3 ಮೀಟರ್. ಇಷ್ಟು ಕಿರಿದಾದ ರಸ್ತೆಯಲ್ಲಿ ಎದುರು ವಾಹನ ಬಂದಾಗ ಪಾದಚಾರಿಗೆ ಉಳಿಯುವುದು ಬದಿಯ ಮಣ್ಣಿನ ಅಂಚು ಒಂದೇ. ಆ ಅಂಚು ಕುಸಿದಿದ್ದರೆ ಅಥವಾ ಮುಳ್ಳಿನ ಪೊದೆ ಬೆಳೆದಿದ್ದರೆ ಶಾಲಾ ಮಕ್ಕಳು ಡಾಂಬರಿನ ಮೇಲೆಯೇ ನಡೆಯುತ್ತಾರೆ. ರಸ್ತೆಯ ಗುಣಮಟ್ಟ ಎಂದರೆ ಕಪ್ಪಗಿನ ಭಾಗ ಮಾತ್ರವೆಂದು ತಿಳಿಯುವುದು ಸರಿಯಲ್ಲ. ಅಂಚಿನ ನಿರ್ವಹಣೆಯೂ ಗುತ್ತಿಗೆದಾರರ ಹೊಣೆಯಲ್ಲಿ ಸೇರಿದೆ. ರಸ್ತೆ ಪೂರ್ಣಗೊಂಡ ದಿನಾಂಕದಿಂದ ಐದು ವರ್ಷಗಳ ನಿರ್ವಹಣೆಯನ್ನು ಅದೇ ಗುತ್ತಿಗೆದಾರರು ಮಾಡತಕ್ಕದ್ದು. ರಸ್ತೆಯ ಪ್ರಾರಂಭದಲ್ಲಿ ನಿಲ್ಲಿಸಿರುವ ಮಾಹಿತಿ ಫಲಕದಲ್ಲಿ ಉದ್ದ, ವೆಚ್ಚ ಮತ್ತು ಪೂರ್ಣಗೊಂಡ ದಿನಾಂಕ ಇರುವುದರಿಂದ, ಐದು ವರ್ಷ ಮುಗಿದಿದೆಯೇ ಎಂಬುದನ್ನು ಗ್ರಾಮಸ್ಥರೇ ತಿಳಿಯಬಹುದು. ಫಲಕದ ಬರಹ ಅಳಿಸಿಹೋಗುವ ಮುನ್ನ ಆ ದಿನಾಂಕವನ್ನು ಬರೆದಿಟ್ಟುಕೊಳ್ಳುವುದು ಜಾಣತನ.

ಊರೊಳಗಿನ ರಸ್ತೆ ಮತ್ತು ನಡೆಯುವವರು

ಸದರಿ ಯೋಜನೆಯ ಮಾರ್ಗಸೂಚಿಯಂತೆ ರಸ್ತೆಯು ಊರಿನ ಮೂಲಕ ಹಾದುಹೋಗುವಲ್ಲಿ, ಊರಿನ ಉದ್ದಕ್ಕೂ ಹಾಗೂ ಎರಡೂ ಕಡೆ 50 ಮೀಟರಿನವರೆಗೆ ಕಾಂಕ್ರೀಟು ಅಥವಾ ಕಲ್ಲುಹಾಸನ್ನು, ಬದಿ ಚರಂಡಿ ಸಹಿತ ಮಾಡುವುದು ಅಪೇಕ್ಷಣೀಯ. ಮನೆಗಳ ಬಚ್ಚಲು ನೀರು ಡಾಂಬರನ್ನು ಬೇಗ ಹಾಳುಮಾಡುವುದೇ ಇದಕ್ಕೆ ಕಾರಣ. ಆದರೆ ಹಳೆಯ ರಸ್ತೆಯನ್ನು ಅಗೆಯದೆ ಅದರ ಮೇಲೆಯೇ ಹೊಸ ಕಾಂಕ್ರೀಟು ಹಾಕುತ್ತಾ ಹೋದರೆ ಬೀದಿಯು ಮನೆಯ ಹೊಸ್ತಿಲಿಗಿಂತ ಎತ್ತರವಾಗುತ್ತದೆ, ಮಳೆಯ ನೀರು ಜಗುಲಿ ದಾಟಿ ಒಳಬರುತ್ತದೆ. ಬೀದಿಯ ಹಳೆಯ ಮಟ್ಟವನ್ನು ಉಳಿಸಿಕೊಳ್ಳುವಂತೆ ಅಂದಾಜು ಪಟ್ಟಿಯಲ್ಲಿಯೇ ಅಗೆತದ ಬಾಬನ್ನು ಸೇರಿಸಲು ಗ್ರಾಮಸ್ಥರು ಮೊದಲೇ ಕೋರಬೇಕು. ಕಾಂಕ್ರೀಟು ಬಿದ್ದ ಮೇಲೆ ಕೋರುವುದರಿಂದ ಪ್ರಯೋಜನವಿಲ್ಲ.

ಅರಸೀಕೆರೆ, ಬೇಲೂರಿನಂತಹ ಪಟ್ಟಣಗಳ ಪಾದಚಾರಿ ಮಾರ್ಗಗಳಿಗೆ ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಅನ್ವಯಿಸುತ್ತದೆ. ಅದರಂತೆ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್, ರಸ್ತೆಯಿಂದ ಎತ್ತರ 150 ಮಿಲಿಮೀಟರಿಗೆ ಮೀರದಂತೆ ಇರಬೇಕು. ಗಾಲಿಕುರ್ಚಿ ಬಳಸುವವರಿಗಾಗಿ 1:12ರ ಇಳಿಜಾರು ಬೇಕು. ಎತ್ತರದ ಮಿತಿಯನ್ನು ಜನರು ಕ್ಷುಲ್ಲಕವೆಂದು ಭಾವಿಸಬಾರದು. ಒಂದಡಿ ಎತ್ತರದ ಚಪ್ಪಡಿಯನ್ನು ಹತ್ತಲಾರದ ವೃದ್ಧರು ಕೆಳಗಿಳಿದು ವಾಹನಗಳ ನಡುವೆ ನಡೆಯುತ್ತಾರೆ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ ಮೃತಪಟ್ಟ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳಾಗಿದ್ದರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ತಿಳಿಸುತ್ತದೆ. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಪಾದಚಾರಿ ಮಾರ್ಗವನ್ನು ಬಳಸುವ ಹಕ್ಕು ಸಂವಿಧಾನದ 21ನೇ ಅನುಚ್ಛೇದದ ರಕ್ಷಣೆಗೆ ಒಳಪಟ್ಟಿದೆ ಎಂದು ಹೇಳಿದೆ.

ಸ್ಮಾರಕಗಳ ಸಮೀಪದ ಕಾಮಗಾರಿಗಳು

ಬೇಲೂರು ಮತ್ತು ಹಳೇಬೀಡಿನ ಹೊಯ್ಸಳ ದೇವಾಲಯಗಳು ಸೋಮನಾಥಪುರದೊಂದಿಗೆ 2023ರ ಸೆಪ್ಟೆಂಬರ್ 18ರಂದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಅರಸೀಕೆರೆಯ ಶಿವಾಲಯ ಮತ್ತು ಹಾರನಹಳ್ಳಿಯ ದೇವಾಲಯಗಳೂ ಸಂರಕ್ಷಿತ ಸ್ಮಾರಕಗಳು. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಪ್ರದೇಶದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆಯು ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ ಎಂಬುದನ್ನು ಗಮನಿಸಬೇಕು. ನಿಷೇಧಿತ ಪ್ರದೇಶದಲ್ಲಿ ಹೊಸ ನಿರ್ಮಾಣಕ್ಕೆ ಅವಕಾಶವಿಲ್ಲ. ಇರುವುದರ ದುರಸ್ತಿಗೆ ಸಕ್ಷಮ ಪ್ರಾಧಿಕಾರದ ಅನುಮತಿ ಪಡೆಯಬೇಕು. ಚರಂಡಿ, ಸಾರ್ವಜನಿಕ ಶೌಚಾಲಯ, ಕುಡಿಯುವ ನೀರು ಮತ್ತು ವಿದ್ಯುತ್ ಸರಬರಾಜಿನ ಕೆಲಸಗಳನ್ನು ಅಧಿನಿಯಮದ ವ್ಯಾಖ್ಯೆಯು ‘ನಿರ್ಮಾಣ’ದಿಂದ ಹೊರಗಿಟ್ಟಿದೆ. ಆದುದರಿಂದ ದೇವಾಲಯದ ನೆರೆಯ ನಿವಾಸಿಗಳು ಸ್ಮಾರಕದ ಕಾರಣದಿಂದ ಚರಂಡಿಯೇ ಆಗದು ಎಂದು ನಂಬಿ ಸುಮ್ಮನಿರಬೇಕಾಗಿಲ್ಲ.

ಕಾಮಗಾರಿಗೆ ಬೇಡಿಕೆ ಸಲ್ಲಿಸುವ ಕ್ರಮ

ಗ್ರಾಮ ಪಂಚಾಯಿತಿ ಮಟ್ಟದ ದಾರಿಯ ಬೇಡಿಕೆಯು ಮೊದಲು ವಾರ್ಡ್ ಸಭೆಯಲ್ಲಿ, ನಂತರ ಗ್ರಾಮಸಭೆಯಲ್ಲಿ ಮಂಡನೆಯಾಗಿ ಕ್ರಿಯಾ ಯೋಜನೆಗೆ ಸೇರಬೇಕು. ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರತಕ್ಕದ್ದು. ‘ನಮ್ಮೂರ ರಸ್ತೆ ಮಾಡಿಸಿಕೊಡಿ’ ಎಂಬ ಅರ್ಜಿಗಿಂತ, ಸರ್ವೆ ನಂಬರು, ದಾರಿಯ ಆದಿ ಮತ್ತು ಅಂತ್ಯ, ಅಂದಾಜು ಉದ್ದ, ಬಳಸುವ ಕುಟುಂಬಗಳ ಸಂಖ್ಯೆ, ಅಡ್ಡಬರುವ ಹಳ್ಳ ಅಥವಾ ಕೋಡಿ ಇವುಗಳನ್ನು ಬರೆದು, ಗ್ರಾಮ ನಕಾಶೆಯ ಪ್ರತಿಯಲ್ಲಿ ಕೆಂಪು ಶಾಯಿಯಿಂದ ದಾರಿಯನ್ನು ಗುರುತಿಸಿ ಕೊಟ್ಟ ಅರ್ಜಿಗೆ ಅಂದಾಜು ಪಟ್ಟಿ ತಯಾರಿಸುವುದು ಸುಲಭ. ದಾರಿಯ ಯಾವುದಾದರೂ ಭಾಗ ಖಾಸಗಿ ಜಮೀನಿನಲ್ಲಿದ್ದರೆ ಸಂಬಂಧಪಟ್ಟ ಖಾತೆದಾರರ ಲಿಖಿತ ಒಪ್ಪಿಗೆಯನ್ನೂ ಲಗತ್ತಿಸಬೇಕು. ಒಪ್ಪಿಗೆ ಇಲ್ಲದೆ ಪ್ರಾರಂಭವಾದ ಕಾಮಗಾರಿಯು ತಡೆಯಾಜ್ಞೆಯಿಂದ ನಿಂತು, ಸುರಿದ ಜಲ್ಲಿ ರಾಶಿಯಲ್ಲಿ ಹುಲ್ಲು ಬೆಳೆಯುವುದನ್ನು ತಪ್ಪಿಸಲು ಇದೊಂದೇ ಉಪಾಯ.

ಸಭೆಯ ನಡಾವಳಿಯಲ್ಲಿ ಬೇಡಿಕೆ ದಾಖಲಾಗಿದೆಯೇ ಎಂಬುದನ್ನು ಅದೇ ದಿನ ಖಚಿತಪಡಿಸಿಕೊಳ್ಳತಕ್ಕದ್ದು. ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕ ಮತ್ತು ಪಾವತಿ ವಿವರಗಳ ಪ್ರತಿಗಳನ್ನು 2005ರ ಮಾಹಿತಿ ಹಕ್ಕು ಅಧಿನಿಯಮದಡಿ, ಸಂಬಂಧಪಟ್ಟ ಕಛೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗಳಿಗೆ ಅರ್ಜಿ ಸಲ್ಲಿಸಿ ಪಡೆಯಬಹುದಾಗಿದೆ. ಇದಕ್ಕೆ ನಿಗದಿತ ಅವಧಿ 30 ದಿನಗಳು.